ರಿವ್ಯೂ ರಾಯರು

ನೋಯ್ಡಾ ಸೆಕ್ಟರ್ 62ರ ಗಾಜಿನ ಕಟ್ಟಡಗಳಲ್ಲಿ ಮಹಡಿಗೊಬ್ಬರು ರಿವ್ಯೂ ರಾಯರು ಇದ್ದೇ ಇರುತ್ತಾರೆ. ಊರು ಹಾಸನವೋ ಶಿವಮೊಗ್ಗವೋ ಆಗಿರುತ್ತದೆ. ತಲೆ ನರೆತದ್ದು ಮಾತ್ರ ದೆಹಲಿಯಲ್ಲೇ. ಇಷ್ಟು ವರ್ಷವಾದರೂ ಅವರ ಹಿಂದಿಯಲ್ಲಿ ಮೆಟ್ರೋ ಇನ್ನೂ ಗಂಡಸು. ಆ ತಪ್ಪನ್ನು ತಿದ್ದುವ ಧೈರ್ಯ ಆಫೀಸಿನಲ್ಲಿ ಯಾರಿಗೂ ಇಲ್ಲ. ಏಕೆಂದರೆ ತಿದ್ದುವ ಹಕ್ಕು ರಾಯರೊಬ್ಬರದು.

ಬೇರೆಯವರ ಕೋಡ್ ಪರಿಶೀಲಿಸುವ ಕೆಲಸ, ಕಂಪೈಲರ್ ವಿಭಾಗದಲ್ಲಿ. ನಾವು ಬರೆದ ಪ್ರೋಗ್ರಾಮನ್ನು ಯಂತ್ರದ ಭಾಷೆಗೆ ತರುವ ತಂತ್ರಾಂಶ ಅದು. ನಡುವೆ ಆಪ್ಟಿಮೈಸೇಶನ್ ಪಾಸ್ ಎಂಬ ಸುತ್ತುಗಳಿವೆ. ಒಂದು ಸುತ್ತು ಯಾರಿಗೂ ಬೇಡವಾದ ಲೆಕ್ಕಗಳನ್ನು ಅಳಿಸುತ್ತದೆ. ಇನ್ನೊಂದು, ಲೂಪಿನೊಳಗೆ ಸುಮ್ಮನೆ ಮತ್ತೆ ಮತ್ತೆ ನಡೆಯುವ ಕೆಲಸವನ್ನು ಹೊರಗೆಳೆದು ಹಾಕುತ್ತದೆ. ಅಳಿಸುವ ಸುತ್ತೇ ಒಂದು ದಿನ ಕ್ರ್ಯಾಶ್ ಆಯಿತೆನ್ನಿ. ಗಾಜಿಯಾಬಾದಿನ ಚುರುಕು ಹುಡುಗ ಮಧ್ಯಾಹ್ನದೊಳಗೆ ಪ್ಯಾಚ್, ಅಂದರೆ ತಿದ್ದುಪಡಿ, ತರುತ್ತಾನೆ. ಒಂದೇ ಸಾಲು: ಪಾಯಿಂಟರ್ ನಲ್ ಆಗಿದ್ದರೆ, ಅಂದರೆ ಏನನ್ನೂ ತೋರಿಸದಿದ್ದರೆ, ಅಲ್ಲಿಗೇ ನಿಲ್ಲು.

“ಕ್ಯೋಂ?” ಎನ್ನುತ್ತಾರೆ ರಾಯರು.

“ಸರ್, ಕ್ರ್ಯಾಶ್ ಬಂದ್ ಹೋ ಗಯಾ!”

“ವೋ ಠೀಕ್ ಹೈ. ನಲ್ ಕ್ಯೋಂ ಹುವಾ?”

ಹುಡುಗ ಕಾಫಿ ಮಷೀನಿನ ಕಡೆ ನೋಡುತ್ತಾನೆ. ರಾಯರು ಅಗೆಯುತ್ತಾರೆ. ಮೂರು ಸಾವಿರ ಸಾಲಿನ ಕಡತವನ್ನು ಕತ್ತರಿಸಿ ಕತ್ತರಿಸಿ, ಕ್ರ್ಯಾಶ್ ಆಗಲು ಬೇಕಾದ ಹತ್ತೇ ಸಾಲು ಉಳಿಸಿಕೊಳ್ಳುತ್ತಾರೆ. ಆಗ ಗುಟ್ಟು ಬಯಲಾಗುತ್ತದೆ: ಪಾಸು ಒಂದು ಸೂಚನೆಯನ್ನು ಪಟ್ಟಿಯಿಂದ ಕಿತ್ತುಹಾಕಿ, ಆಮೇಲೆ ಅದನ್ನೇ “ನಿನ್ನ ಮುಂದಿನವರು ಯಾರಪ್ಪ?” ಎಂದು ಕೇಳುತ್ತಿತ್ತು. ಸತ್ತವರ ಹತ್ತಿರ ಬಸ್ಸಿನ ವೇಳೆ ವಿಚಾರಿಸಿದ ಹಾಗೆ. ಹುಡುಗನ ಪ್ಯಾಚಿನಿಂದ ಕ್ರ್ಯಾಶ್ ಹೋಗಿತ್ತು ನಿಜ, ಜೊತೆಗೆ ಉಳಿದರ್ಧ ಕೆಲಸವೂ ಹೋಗಿತ್ತು. ಕೀಳುವ ಮೊದಲೇ ಮುಂದಿನವರನ್ನು ಕೇಳಿಟ್ಟುಕೊಂಡರೆ ಮುಗಿಯಿತು. ಇದೂ ಒಂದೇ ಸಾಲು!

ಮುಗಿಯಿತು ಎಂದುಕೊಂಡರೆ ನೀವು ರಾಯರನ್ನು ಬಲ್ಲವರಲ್ಲ. “ಟೆಸ್ಟ್ ಎಲ್ಲಿ?” ಟೆಸ್ಟ್ ಬರುತ್ತದೆ. “ಕಾಮೆಂಟಿನ ಕೊನೆಗೆ ಪೂರ್ಣವಿರಾಮ ಎಲ್ಲಿ?” ಇದು ಕೊಂಕಲ್ಲ. ಇಲಿನಾಯ್ ವಿಶ್ವವಿದ್ಯಾಲಯದಲ್ಲಿ 2000ದಲ್ಲಿ ಶುರುವಾದ ಎಲ್‌ಎಲ್‌ವಿಎಂ ಕಂಪೈಲರಿನ ನಿಯಮಾವಳಿಯಲ್ಲೇ ಕಾಮೆಂಟಿಗೆ ವಿರಾಮಚಿಹ್ನೆ ಬೇಕು, ಸಾಲು 80 ಅಕ್ಷರ ಮೀರಬಾರದು ಎಂದಿದೆ. ಉತ್ತರ ಬರದಿದ್ದರೆ ವಾರಕ್ಕೊಮ್ಮೆ ‘ಪಿಂಗ್’ ಎಂದು ನೆನಪಿಸುವ ಪದ್ಧತಿಯೂ ಅಲ್ಲಿದೆ. ಹುಡುಗ ದಿನಾ ಪಿಂಗ್ ಮಾಡಿದ. ಅದಕ್ಕೂ ರಾಯರ ಕಾಮೆಂಟ್ ಬಂತು.

ಇಂದಿರಾಪುರಂನ ಅಪಾರ್ಟ್‌ಮೆಂಟಿನಲ್ಲೂ ಇದೇ ಕಥೆ. ಲಿಫ್ಟ್ ಐದನೇ ಮಹಡಿಯಲ್ಲಿ ನಿಲ್ಲುತ್ತದೆಂದು ದೂರು ಬಂದರೆ, ಕಾರ್ಯದರ್ಶಿ ಹೊಸ ಬಟನ್ ಹಾಕಿಸುತ್ತಾರೆ. ರಾಯರು ಕಾವಲುಗಾರನನ್ನು ಮೊದಲು ಒಬ್ಬನನ್ನೇ, ಆಮೇಲೆ ನೀರಿನ ಕ್ಯಾನಿನೊಂದಿಗೆ, ಆಮೇಲೆ ಕ್ಯಾನು ಬಿಟ್ಟು ನಾಯಿಯೊಂದಿಗೆ ಮೇಲೆ ಕೆಳಗೆ ಕಳಿಸುತ್ತಾರೆ. ಕೊನೆಗೆ ಐದನೇ ಮಹಡಿಯ ಬಾಗಿಲ ಸಂದಿಯಲ್ಲಿ ಸಿಕ್ಕಿದ್ದ ಗುಟ್ಕಾ ಪೊಟ್ಟಣ ಹೊರಗೆ ಬರುತ್ತದೆ.

ಮನೆಯಲ್ಲಿ ಹುಳಿ ಸಪ್ಪೆಯೆಂದು ಹೆಂಡತಿಯೇ ಒಪ್ಪಿಕೊಂಡು ಉಪ್ಪು ತಂದರೆ, “ತಡಿ, ಉಪ್ಪು ಕಮ್ಮಿ ಅಲ್ಲ, ನೀರು ಜಾಸ್ತಿ” ಎಂದು ಕೈ ತಡೆಯುತ್ತಾರೆ. “ಹಾಗಾದ್ರೆ ನಾಳೆಯಿಂದ ನೀವೇ ಮಾಡ್ರೀ, ನಾನು ರಿವ್ಯೂ ಮಾಡ್ತೀನಿ” ಎಂಬ ಉತ್ತರ ಬರುತ್ತದೆ. ರಾಯರು ತಕ್ಷಣ ಅನುಮೋದಿಸುವ ಪ್ಯಾಚ್ ಅದೊಂದೇ: ಹುಳಿ, ಇದ್ದ ಹಾಗೇ.

ಹುಡುಗರು ಬೈಯುತ್ತಾರೆ, ಬೈಯಲಿ. ಕ್ರ್ಯಾಶ್ ಆಗುವ ಕಂಪೈಲರ್ ತನ್ನ ತಪ್ಪನ್ನು ಕೂಗಿ ಹೇಳುತ್ತದೆ. ಅವಸರದ ಪ್ಯಾಚ್ ಬಿದ್ದ ಕಂಪೈಲರ್ ಸದ್ದಿಲ್ಲದೆ ತಪ್ಪು ಲೆಕ್ಕ ಕೊಟ್ಟರೂ ಕೊಟ್ಟೀತು. ರಸ್ಟ್, ಸ್ವಿಫ್ಟ್ ಭಾಷೆಗಳೆಲ್ಲ ಎಲ್‌ಎಲ್‌ವಿಎಂ ಮೇಲೆ ನಿಂತಿರುವಾಗ, ಅಲ್ಲಿಯ ಒಂದು ಎಡವಟ್ಟು ನಿಮ್ಮ ಜೇಬಿನ ಫೋನಿಗೂ ಬರಬಹುದು. “ಚಲ್ತಾ ಹೈ” ಎನ್ನುವ ಊರಿನಲ್ಲಿ “ಕ್ಯೋಂ?” ಎನ್ನುವವರೊಬ್ಬರು ಇರಲೇಬೇಕು. ನಿಮ್ಮ ಆಫೀಸಿನಲ್ಲೂ ಇಂಥ ರಾಯರಿದ್ದರೆ ಕಾಪಾಡಿಕೊಳ್ಳಿ. ಪಿಂಗ್ ಮಾತ್ರ ವಾರಕ್ಕೊಮ್ಮೆ ಮಾಡಿ.