ಶ್ಲೇಷೆ ಮೇಷ್ಟ್ರು

ಡಿಗ್ರಿ ಕಾಲೇಜಿನ ಇಂಗ್ಲಿಷ್ ವಿಭಾಗವೆಂದರೆ ಅಲ್ಲಿ ಇಂಥವರೊಬ್ಬರು ಇದ್ದೇ ಇರುತ್ತಾರೆ. ‘ರೋಮಿಯೋ ಅಂಡ್ ಜೂಲಿಯೆಟ್’ ಪಠ್ಯವಾಯಿತೋ, ಅವರಿಗೆ ಸುಗ್ಗಿ. ಪ್ರೇಮದ ಭಾಗವನ್ನು ಹುಡುಗರಿಗೇ ಬಿಟ್ಟುಬಿಡುತ್ತಾರೆ; ಅದಕ್ಕೆ ಮೇಷ್ಟ್ರು ಬೇಕಿಲ್ಲ. ಇವರ ಪ್ರಾಣವೆಲ್ಲ ಶ್ಲೇಷೆಯಲ್ಲಿ.

ಮೊದಲ ದೃಶ್ಯಕ್ಕೇ ಕ್ಯಾಪುಲೆಟ್ ಮನೆಯ ಆಳುಗಳಾದ ಸ್ಯಾಂಪ್ಸನ್, ಗ್ರೆಗರಿ ಬರುತ್ತಾರಲ್ಲ, ಮೇಷ್ಟ್ರು ಅಲ್ಲೇ ಠಿಕಾಣಿ ಹೂಡುತ್ತಾರೆ. ಕೋಲ್, ಕಾಲಿಯರ್, ಕಾಲರ್, ಇನ್ನೊಂದು ಕಾಲರ್ ಎಂದು ಬೋರ್ಡಿನ ಮೇಲೆ ಬರೆದು, ಎದುರಿಗೆ ಇದ್ದಿಲು, ಇದ್ದಿಲು ಮಾರುವವನು, ಸಿಟ್ಟು, ನೇಣಿನ ಕುಣಿಕೆ ಎಂದು ಬಾಣ ಎಳೆದು, ತಾವೇ ಮೊದಲು ನಗುತ್ತಾರೆ. ಕ್ಲಾಸು ನಗುವುದಿಲ್ಲ. “ಯಾಕ್ರೋ, ಅರ್ಥ ಆಗ್ಲಿಲ್ವಾ?” ಎಂದು ಮತ್ತೆ ಮೊದಲಿನಿಂದ ಶುರು. ಮುಂದಿನ ಬೆಂಚಿನವರು ಇಂಟರ್ನಲ್ ಮಾರ್ಕ್ಸ್ ನೆನೆದು ನಗುತ್ತಾರೆ.

ಹೆಬ್ಬೆರಳು ಕಚ್ಚಿ ಕೆಣಕುವ ಜಾಗ ಬಂದಾಗ ತಾವೇ ಕಚ್ಚಿ ತೋರಿಸುತ್ತಾರೆ. ಆಗಲೇ ಕಾರಿಡಾರಿನಲ್ಲಿ ಹಿಸ್ಟರಿ ಮೇಷ್ಟ್ರು ಹಾದುಹೋಗಬೇಕೆ? ಸ್ಟಾಫ್ ರೂಮಿನ ಬೀರುವಿನ ವಿಷಯಕ್ಕೆ ಇಬ್ಬರೂ ಮಾತು ಬಿಟ್ಟು ಕಾಲವಾಗಿದೆ. “ಕಚ್ಚಿದ್ದು ಹೌದು, ನಿಮಗಲ್ಲ” ಎನ್ನುತ್ತಾರೆ ನಮ್ಮವರು. ಸ್ಯಾಂಪ್ಸನ್ ಕೂಡ ಹೀಗೇ ಜಾರಿಕೊಂಡಿದ್ದ.

ಮಾಂಟೆಗ್ಯೂ, ಕ್ಯಾಪುಲೆಟ್ ಮನೆಗಳಿಗೆ ಹಗೆ ಯಾಕೆ ಹುಟ್ಟಿತೆಂದು ಶೇಕ್ಸ್‌ಪಿಯರ್ ಎಲ್ಲೂ ಹೇಳಿಲ್ಲ. ಹಗೆಯ ವಿವರಣೆ ಹುಡುಗರಿಗೆ ಬೇಕೂ ಇಲ್ಲ. ಬದುವಿನ ಬೇವಿನಮರಕ್ಕಾಗಿ ಅಜ್ಜನ ಕಾಲದಿಂದ ಕೋರ್ಟಿಗೆ ಅಲೆಯುವ ಮನೆಗಳಿಂದ ಬಂದವರು.

“ದಾಯಾದಿಗಳಾ ಸಾರ್?”

“ಅಲ್ಲಯ್ಯ, ಬೇರೆ ಬೇರೆ ಮನೆತನ.”

“ಮತ್ತೆ ಇಷ್ಟೊಂದು ಯಾಕ್ ಸಾರ್ ಹೊಡೆದಾಡ್ತಾರೆ?”

ಮೇಷ್ಟ್ರು ನೀರು ಕುಡಿದು ಮೂರನೇ ಅಂಕಕ್ಕೆ ಹಾರುತ್ತಾರೆ. ಅಲ್ಲಿ ಮರ್ಕ್ಯುಷಿಯೋ ಟೈಬಾಲ್ಟನ ಕತ್ತಿಯೇಟು ತಿಂದು ಸಾಯುತ್ತಲೂ ‘ಗ್ರೇವ್’ ಎಂಬ ಮಾತಿನಲ್ಲಿ ಗಾಂಭೀರ್ಯವನ್ನೂ ಗೋರಿಯನ್ನೂ ಒಟ್ಟಿಗೆ ಇಟ್ಟುಬಿಡುತ್ತಾನೆ. ಮೇಷ್ಟ್ರಿಗೆ ಇನ್ನೇನು ಬೇಕು! ಬೆಲ್ ಹೊಡೆದರೂ ಪಾಪ, ಅವನ ಜೀವ ಹೋಗುವುದಿಲ್ಲ, ನಾಳೆಗೆ ಮುಂದುವರಿಯುತ್ತದೆ. ನಾಟಕದಲ್ಲಿ ಭಾನುವಾರ ಶುರುವಾದ ಕತೆ ಗುರುವಾರ ಬೆಳಗ್ಗೆಗೆಲ್ಲ ಮುಗಿದಿರುತ್ತದೆ. ನಮ್ಮ ಕ್ಲಾಸಿನಲ್ಲಿ ಮರ್ಕ್ಯುಷಿಯೋ ಒಬ್ಬನಿಗೇ ಅಷ್ಟು ದಿನ ಬೇಕು.

ಟೆಸ್ಟಿನಲ್ಲಿ ಐದು ಅಂಕದ ಪ್ರಶ್ನೆ: ಮರ್ಕ್ಯುಷಿಯೋನ ಸಾವಿಗೆ ಯಾರು ಹೊಣೆ? ಹಿಂದಿನ ಬೆಂಚಿನವನೊಬ್ಬ ಬರೆದ: ‘ಇರಿದವನು ಟೈಬಾಲ್ಟ್. ನೆಮ್ಮದಿಯಾಗಿ ಸಾಯಲು ಬಿಡದವರು ನಮ್ಮ ಮೇಷ್ಟ್ರು.’

ಮೇಷ್ಟ್ರು ನಾಲ್ಕು ಅಂಕ ಕೊಟ್ಟರು. ಒಂದನ್ನು ಕಳೆದದ್ದು ಉತ್ತರದಲ್ಲಿ ಶ್ಲೇಷೆ ಇಲ್ಲವೆಂದು.