ನೀರಿನ ಗೆರೆಯನ್ನು ಗೋಡೆಯ ಮೇಲೆ ಬರೆಯಿರಿ: ಕೈಗಾ 5 ಮತ್ತು 6ರ ಎಂಜಿನಿಯರುಗಳಿಗೆ ಬಹಿರಂಗ ಪತ್ರ

ಕೋರಾಡಿ, ನಾಗಪುರ



ಕೈಗಾದಲ್ಲಿ ತಲಾ 700 ಮೆಗಾವಾಟಿನ ಎರಡು ಹೊಸ ಘಟಕಗಳ ಕೆಲಸ ನಡೆದಿದೆ. 2017ರ ಮೇ ತಿಂಗಳಲ್ಲಿ ಕೇಂದ್ರ ಸಚಿವ ಸಂಪುಟ ಒಂದೇ ಸಲಕ್ಕೆ ಒಪ್ಪಿಗೆ ಕೊಟ್ಟ ಹತ್ತು ಭಾರಜಲ ರಿಯಾಕ್ಟರುಗಳಲ್ಲಿ ಇವೂ ಎರಡು. ಕಟ್ಟಡ ಮೇಲೆದ್ದು ಕೊಳವೆ, ಕೇಬಲ್ಲುಗಳೆಲ್ಲ ತಮ್ಮ ತಮ್ಮ ಜಾಗ ಹಿಡಿದು ಕೂರುವ ಮೊದಲೇ ನಿಮಗೊಂದು ಮಾತು ಮುಟ್ಟಿಸಬೇಕೆಂದು ಈ ಪತ್ರ ಬರೆಯುತ್ತಿದ್ದೇನೆ. ವಿಷಯ ಇಷ್ಟೇ: ರಿಯಾಕ್ಟರ್ ಕಟ್ಟಡದೊಳಗಿನ ಒತ್ತಡ, ಉಷ್ಣತೆ, ನೀರಿನ ಮಟ್ಟ ಅಳೆಯುವ ಟ್ರಾನ್ಸ್‌ಮಿಟರುಗಳನ್ನು ನೆಲದಿಂದ ಎಷ್ಟು ಎತ್ತರದಲ್ಲಿ ಕೂರಿಸುತ್ತೀರಿ, ಕೇಬಲ್ ಒಳಹೋಗುವ ಬಾಯಿಯನ್ನು ಯಾವುದರಿಂದ ಮುಚ್ಚುತ್ತೀರಿ? ಮಾಮೂಲಿ ದಿನಗಳಲ್ಲಿ ಯಾರ ಕಣ್ಣಿಗೂ ಬೀಳದ ಸಂಗತಿಯಿದು. ಅಪಘಾತದ ದಿನ ಕಂಟ್ರೋಲ್ ರೂಮಿನವರು ಮಾಡುವ ಪ್ರತಿಯೊಂದು ತೀರ್ಮಾನವೂ ಇದರ ಮೇಲೆಯೇ ನಿಲ್ಲುತ್ತದೆ.

ಕೋರಾಡಿಯವನಿಗೆ ಕೈಗಾದ ಚಿಂತೆ ಯಾಕೆ ಎಂದು ನೀವು ಕೇಳಬಹುದು. ಜಗದಂಬೆಯ ಗುಡಿ, ಅದರ ಹತ್ತಿರವೇ ಕೆರೆ, ಕೆರೆಯಾಚೆ ಕಲ್ಲಿದ್ದಲು ವಿದ್ಯುತ್ ಸ್ಥಾವರದ ಚಿಮಣಿಗಳು, ಇದು ಈ ಊರು. ಇಲ್ಲಿ ಅಣು ರಿಯಾಕ್ಟರ್ ಇಲ್ಲ. ಆದರೆ ನಕ್ಷೆಯ ಗೆರೆಯನ್ನು ನೀರು ಲೆಕ್ಕಕ್ಕಿಡುವುದಿಲ್ಲ ಎಂಬುದನ್ನು 2022ರ ಜುಲೈಯಲ್ಲಿ ಈ ಭಾಗದವರು ಕಣ್ಣಾರೆ ಕಂಡರು. ಭಾರಿ ಮಳೆಗೆ ಖಸಾಳಾದಲ್ಲಿದ್ದ, ವಿದ್ಯುತ್ ಸ್ಥಾವರದ ಬೂದಿಹೊಂಡದ ಒಡ್ಡು ಒಡೆಯಿತು. ಬೂದಿ ಕದಡಿದ ನೀರು ಸುತ್ತಲ ಹಳ್ಳಿಗಳಿಗೆ ನುಗ್ಗಿತು. ಹುಟ್ಟಿನಿಂದ ಕನ್ನಡಿಗನಾದ ನನಗೆ ಆ ಸುದ್ದಿ ಓದುವಾಗ ಕಾಳಿ ನದಿಯೂ, ಅದರ ದಂಡೆಯ ಕೈಗಾವೂ ನೆನಪಿಗೆ ಬಂದದ್ದು ಸಹಜ.

ಕಲ್ಲಿದ್ದಲು ಸ್ಥಾವರಕ್ಕೂ ನಿಮ್ಮದಕ್ಕೂ ಒಂದು ದೊಡ್ಡ ವ್ಯತ್ಯಾಸವಿದೆ. ಬಾಯ್ಲರ್ ಡ್ರಮ್ಮಿನ ನೀರಿನ ಮಟ್ಟದ ಬಗ್ಗೆ ಅನುಮಾನ ಬಂದರೆ ಇಲ್ಲಿ ಒಬ್ಬ ಟೆಕ್ನೀಷಿಯನ್ ಟಾರ್ಚ್ ಹಿಡಿದು ಮೆಟ್ಟಿಲು ಹತ್ತುತ್ತಾನೆ, ಗೇಜ್ ಗ್ಲಾಸ್ ನೋಡಿ ಬಂದು ಇಷ್ಟಿದೆ ಎನ್ನುತ್ತಾನೆ. ಅಪಘಾತದ ನಂತರ ನಿಮಗೆ ಆ ದಾರಿ ಇಲ್ಲ. ಅಮೆರಿಕದ ತ್ರೀ ಮೈಲ್ ಐಲ್ಯಾಂಡ್‌ನಲ್ಲಿ 1979ರ ಮಾರ್ಚ್ 28ರಂದು ರಿಯಾಕ್ಟರ್ ಅಪಘಾತವಾಯಿತು. ಆ ರಿಯಾಕ್ಟರ್ ಕಟ್ಟಡದೊಳಗೆ ಮನುಷ್ಯರು ಮೊದಲು ಕಾಲಿಟ್ಟದ್ದು 1980ರ ಜುಲೈಯಲ್ಲಿ, ಸುಮಾರು ಹದಿನಾರು ತಿಂಗಳ ಮೇಲೆ. ಅಲ್ಲಿಯವರೆಗೆ ಒಳಗೇನಾಗುತ್ತಿದೆ ಎಂದು ಹೇಳಲು ಗೋಡೆಗೆ ಬಿಗಿದ ಮಾಪಕಗಳಲ್ಲದೆ ಬೇರೆ ಕಣ್ಣಿರಲಿಲ್ಲ. ಆ ಕಣ್ಣುಗಳೂ ಮುಳುಗಿದವು. ಕಟ್ಟಡದ ತಳಮಹಡಿಯಲ್ಲಿ ನೀರು ಏರುತ್ತಾ ಏರುತ್ತಾ ಸುಮಾರು ಎಂಟು ಅಡಿಗೆ ಬಂತು. ಕೆಳಮಟ್ಟದಲ್ಲಿ ಕೂರಿಸಿದ್ದ ಟ್ರಾನ್ಸ್‌ಮಿಟರುಗಳು ವಿಕಿರಣಕ್ಕೂ ತೇವಕ್ಕೂ ಸಿಕ್ಕಿ ಒಂದಾದ ಮೇಲೊಂದು ಕೆಟ್ಟವು.

ಕಟ್ಟಡದೊಳಗೆ ಅಷ್ಟು ನೀರು ಬರುವುದೆಲ್ಲಿಂದ? ಹೊರಗಿನ ಓದುಗರಿಗಾಗಿ ಇದನ್ನು ಹೇಳಿಬಿಡುತ್ತೇನೆ. ನಿಮ್ಮ ರಿಯಾಕ್ಟರಿನಲ್ಲಿ ಶೀತಕದ ಕೊಳವೆ ಒಡೆದರೆ ಭಾರಜಲ ಹಬೆಯಾಗಿ ಹೊರನುಗ್ಗುತ್ತದೆ. ಇಂಧನ ಕಾದು ಕರಗದಿರಲಿ ಎಂದು ತುರ್ತು ತಂಪು ವ್ಯವಸ್ಥೆ ನೀರು ಹರಿಸಲು ಶುರುಮಾಡುತ್ತದೆ. ಅದೂ ಒಡೆದ ಜಾಗದಿಂದಲೇ ಸುರಿದು ತಳ ಸೇರುತ್ತದೆ. ಪಂಪುಗಳು ಅದನ್ನೇ ಎತ್ತಿ ಮತ್ತೆ ಒಳಕ್ಕೆ ಕಳಿಸುತ್ತವೆ. ಕೈಗಾದ ಹಳೆಯ ನಾಲ್ಕು ಘಟಕಗಳಲ್ಲಿ ಹಬೆಯನ್ನು ತಣಿಸಲು ಕಟ್ಟಡದ ತಳದಲ್ಲಿ ನೀರಿನ ಸಪ್ರೆಷನ್ ಪೂಲ್ ಇದೆ. 700 ಮೆಗಾವಾಟಿನ ವಿನ್ಯಾಸದಲ್ಲಿ ಅದನ್ನು ಕೈಬಿಟ್ಟು, ಮೇಲಿನಿಂದ ನೀರು ಚಿಮುಕಿಸುವ ಕಂಟೈನ್‌ಮೆಂಟ್ ಸ್ಪ್ರೇ ತಂದಿದ್ದೀರಿ. ಹಾಗಾಗಿ ಅಪಘಾತದ ಹೊತ್ತಿಗೆ ನಿಮ್ಮ ಟ್ರಾನ್ಸ್‌ಮಿಟರಿನ ಪಾಡು ಹೀಗಿರುತ್ತದೆ: ಸುತ್ತಲೂ ಬಿಸಿ ಹಬೆ, ನೆತ್ತಿಯ ಮೇಲೆ ಸ್ಪ್ರೇ, ಕಾಲಬುಡದಲ್ಲಿ ಏರುತ್ತಿರುವ ನೀರು, ಅದರ ಮೇಲೆ ವಿಕಿರಣ. ರಿಯಾಕ್ಟರನ್ನು ಬದುಕಿಸಲು ಹರಿಸಿದ ನೀರೇ ರಿಯಾಕ್ಟರ್ ಬದುಕಿದೆಯೋ ಇಲ್ಲವೋ ಎಂದು ಹೇಳಬೇಕಾದ ಮಾಪಕವನ್ನು ಮುಳುಗಿಸುತ್ತದೆ. ನನ್ನ ಭಯ ಇರುವುದು ಇಲ್ಲಿ.

ಮುಳುಗಿದ ಮಾಪಕ ಅಲ್ಲೇ ಸತ್ತುಬಿದ್ದರೆ ಅಷ್ಟು ತೊಂದರೆಯಿಲ್ಲ. ಮುಳ್ಳು ಸೊನ್ನೆಗಿಂತ ಕೆಳಗೆ ಹೋಗುತ್ತದೆ, ಆಪರೇಟರ್ ಅದನ್ನು ಬದಿಗಿಟ್ಟು ಬೇರೊಂದನ್ನು ನೋಡುತ್ತಾನೆ. ಸಾಯುವ ಮೊದಲು ಅದು ಸುಳ್ಳು ಹೇಳುತ್ತದಲ್ಲ, ಅಪಾಯ ಅದರದ್ದು. ನಿಮಗೆ ಗೊತ್ತಿರುವುದನ್ನೇ ಜನರಿಗಾಗಿ ಬಿಡಿಸಿ ಹೇಳುತ್ತೇನೆ. ಟ್ರಾನ್ಸ್‌ಮಿಟರಿನಿಂದ ಕಂಟ್ರೋಲ್ ರೂಮಿಗೆ ಎರಡು ತಂತಿ. ಪಾತ್ರೆ ಖಾಲಿಯಾಗಿದ್ದರೆ ಅವುಗಳಲ್ಲಿ 4 ಮಿಲಿಆಂಪಿಯರ್ ಕರೆಂಟು ಹರಿಯುತ್ತದೆ, ತುಂಬಿದ್ದರೆ 20. ಅರ್ಧ ತುಂಬಿದ ಪಾತ್ರೆಗೆ 12. ಈಗ ಟರ್ಮಿನಲ್ ಪಟ್ಟಿಯ ಮೇಲೆ ಒಂದು ತೆಳ್ಳನೆಯ ನೀರಿನ ಪದರ ಕೂತಿತು ಎನ್ನಿ. ಎರಡು ತಂತಿಗಳ ನಡುವೆ ಆ ತೇವದ ಮೂಲಕ 2 ಮಿಲಿಆಂಪಿಯರ್ ಸೋರಿದರೆ ಕಂಟ್ರೋಲ್ ರೂಮಿಗೆ ತಲುಪುವುದು 14. ಫಲಕದ ಮೇಲೆ ಶೇ. 50ರ ಬದಲು ಶೇ. 62.5 ಎಂದು ಕಾಣುತ್ತದೆ. ಅಲಾರಂ ಇಲ್ಲ, ಕೆಂಪು ದೀಪ ಇಲ್ಲ. ಅಂಕಿ ನಂಬುವಂತೆಯೇ ಇದೆ. ನೀರು ಇರುವುದಕ್ಕಿಂತ ಹೆಚ್ಚಿದೆ ಎಂದು ನಂಬಿದ ಆಪರೇಟರ್ ಏನು ಮಾಡುತ್ತಾನೆ? ಬರುವ ನೀರನ್ನು ಕಡಿಮೆ ಮಾಡುತ್ತಾನೆ. ತ್ರೀ ಮೈಲ್ ಐಲ್ಯಾಂಡ್‌ನಲ್ಲಿ ಪ್ರೆಷರೈಸರಿನ (ಶೀತಕದ ಒತ್ತಡ ಕಾಯುವ ಪಾತ್ರೆಯ) ನೀರಿನ ಮಟ್ಟ ಮೇಲಿದೆ ಎಂದು ನೋಡಿ ತುರ್ತು ನೀರನ್ನು ತಗ್ಗಿಸಿದವರು ಕೆಲಸ ಬಾರದವರಾಗಿರಲಿಲ್ಲ. ಅಂದು ಆ ಮಾಪಕಕ್ಕೆ ನೀರು ನುಗ್ಗಿರಲಿಲ್ಲ. ಕೊಳವೆಗಳಲ್ಲಿ ತುಂಬಿದ ಹಬೆ ಆ ಮಟ್ಟವನ್ನು ಅರ್ಥವಿಲ್ಲದ್ದಾಗಿ ಮಾಡಿತ್ತು. ಕಾರಣ ಯಾವುದಾದರೇನು, ಎದುರಿಗಿರುವ ಅಂಕಿಯನ್ನು ಮನುಷ್ಯ ನಂಬುತ್ತಾನೆ.

ಜಪಾನಿನ ಫುಕುಶಿಮಾದಲ್ಲೂ ಆದದ್ದು ಇದೇ ಜಾತಿಯ ಮೋಸ. 2011ರ ಮಾರ್ಚ್ 11ರಂದು ಸುನಾಮಿಯ ನೀರು ತಳಮಹಡಿಗೆ ನುಗ್ಗಿ ಡೀಸೆಲ್ ಜನರೇಟರುಗಳನ್ನೂ ಸ್ವಿಚ್‌ಬೋರ್ಡುಗಳನ್ನೂ ಬ್ಯಾಟರಿಗಳನ್ನೂ ಮುಳುಗಿಸಿದಾಗ ಒಂದು ಮತ್ತು ಎರಡನೇ ಘಟಕಗಳ ಮಾಪಕಗಳು ಕಪ್ಪಾದವು. ಕೆಲಸಗಾರರು ವಾಹನಗಳಿಂದ ಬ್ಯಾಟರಿ ಬಿಚ್ಚಿ ತಂದು, ಕತ್ತಲೆಯಲ್ಲಿ ಟಾರ್ಚ್ ಬೆಳಕು ಬಿಟ್ಟುಕೊಂಡು ಫಲಕದ ಹಿಂದೆ ತಂತಿ ಜೋಡಿಸಿ ಅಂಕಿ ಓದಿದರು. ಹಾಗೆ ಜೀವ ಒತ್ತೆಯಿಟ್ಟು ಓದಿದ ಅಂಕಿಯೂ ಒಂದನೇ ಘಟಕದಲ್ಲಿ ಸುಳ್ಳಾಗಿತ್ತು. ಹೋಲಿಕೆಗೆಂದು ಇಟ್ಟ ಕೊಳವೆಯ ನೀರು ಬಿಸಿಗೆ ಆವಿಯಾಗಿ, ಇಂಧನದ ಅರ್ಧಕ್ಕೂ ಹೆಚ್ಚು ಭಾಗ ಇನ್ನೂ ನೀರಿನಲ್ಲೇ ಇದೆ ಎಂಬಂತೆ ಮಾಪಕ ವಾರಗಟ್ಟಲೆ ತೋರಿಸುತ್ತಿತ್ತು. ಮೇ ತಿಂಗಳಲ್ಲಿ ಒಳಹೋಗಿ ಅದನ್ನು ಸರಿಪಡಿಸಿ ನೋಡಿದ ಮೇಲೆ ನಿಜ ತಿಳಿಯಿತು. ಆ ಹೊತ್ತಿಗೆ ಇಂಧನ ಕರಗಿ ಎರಡು ತಿಂಗಳಾಗಿತ್ತು.

ಜಪಾನ್, ಅಮೆರಿಕ ಎಂದು ದೂರ ಹೋಗುವುದೂ ಬೇಡ. ಗುಜರಾತಿನ ಕಾಕ್ರಪಾರ ಅಣುಸ್ಥಾವರದಲ್ಲಿ 1994ರ ಜೂನ್ ಮಧ್ಯದ ಒಂದು ರಾತ್ರಿ ಮಳೆಗೆ ಪಕ್ಕದ ಮೋತಿಚೇರ್ ಕೆರೆ ಉಕ್ಕಿ, ಸೀಲ್ ಮಾಡದ ಕೇಬಲ್ ಟ್ರೆಂಚುಗಳ ಮೂಲಕ ನೀರು ಟರ್ಬೈನ್ ಕಟ್ಟಡದ ತಳ ಸೇರಿತು. ಕೆರೆಯ ಗೇಟು ತೆರೆಯಲಾಗದೆ, ಹಳ್ಳಿಗರು ಏರಿ ಕಡಿದ ಮೇಲೆಯೇ ನೀರು ಇಳಿದದ್ದು. ರಿಯಾಕ್ಟರ್ ಆಗ ನಿಂತಿತ್ತು, ಅದು ನಮ್ಮ ಪುಣ್ಯ. ಅಲ್ಲಿನ ನೆರೆಯ ವಿಷಯವನ್ನು ಗುಜರಾತಿ ಪತ್ರಿಕೆಗೆ ಬರೆದು ತಿಳಿಸಿದ ಕೆಲಸಗಾರನೊಬ್ಬನನ್ನು ಸೇವೆಯಿಂದ ತೆಗೆದರು. 2013ರಲ್ಲಿ ಸುಪ್ರೀಂ ಕೋರ್ಟ್ ಆ ಕ್ರಮವನ್ನು ಎತ್ತಿಹಿಡಿಯಿತು. ನ್ಯಾಯಾಲಯದ ತೀರ್ಪಿಗೆ ತಲೆಬಾಗುತ್ತಲೇ ಹೇಳುತ್ತೇನೆ, ನೀರು ಒಳಬಂದ ಸುದ್ದಿಯನ್ನು ಒಳಗಿನವರೇ ಹೊರಗೆ ಹೇಳುವ ದಿನ ಬರಬೇಕು. ಕಾಕ್ರಪಾರದ ನೆರೆಯ ಹತ್ತು ವರ್ಷದ ನಂತರ, 2004ರ ಡಿಸೆಂಬರ್ 26ರಂದು, ಕಲ್ಪಾಕ್ಕಂನಲ್ಲಿ ಸುನಾಮಿಯ ನೀರು ಪಂಪ್‌ಹೌಸ್ ಹೊಕ್ಕಿತು. ಓಡುತ್ತಿದ್ದ ಎರಡನೇ ಘಟಕವನ್ನು ಸಿಬ್ಬಂದಿ ಸುರಕ್ಷಿತವಾಗಿ ನಿಲ್ಲಿಸಿದರು. ಪಂಪುಗಳು ನೀರುಪಾಲಾದರೂ ಕಂಟ್ರೋಲ್ ರೂಮಿನ ಮಾಪಕಗಳು ಕೈಕೊಡಲಿಲ್ಲ. ಸಿಬ್ಬಂದಿಗೆ ಕಣ್ಣು ಇದ್ದರೆ ಅವರು ಎಂಥ ಹೊತ್ತನ್ನೂ ದಾಟಿಸಬಲ್ಲರು ಎಂಬುದಕ್ಕೆ ಇದಕ್ಕಿಂತ ಹತ್ತಿರದ ಸಾಕ್ಷಿ ಬೇಕಿಲ್ಲ.

ಕೈಗಾ ಇರುವುದು ಕದ್ರಾ ಹಿನ್ನೀರಿನ ದಂಡೆಯಲ್ಲಿ. ಮೇಲಕ್ಕೆ ಕೊಡಸಳ್ಳಿ, ಅದರಾಚೆ ಸೂಪಾ. ಪಶ್ಚಿಮ ಘಟ್ಟದ ಮುಂಗಾರು ಎಂಥದ್ದೆಂದು ನಿಮಗೆ ನಾನು ಹೇಳಬೇಕಿಲ್ಲ. 2019ರ ಆಗಸ್ಟಿನಲ್ಲಿ ಕದ್ರಾದಿಂದ ನೀರು ಬಿಟ್ಟಾಗ ಕೆಳಗಿನ ಊರುಗಳ ಗತಿ ಏನಾಯಿತೆಂದು ಕಾರವಾರದವರಿಗೆ ನೆನಪಿದೆ. ಹೊರಗಿನ ನೆರೆಯ ಬಗ್ಗೆ ಆದ್ದರಿಂದ ಎಲ್ಲರೂ ಮಾತಾಡುತ್ತಾರೆ, ನೀವೂ ಲೆಕ್ಕ ಹಾಕಿರುತ್ತೀರಿ. ಒಳಗಿನ ನೆರೆಯ ಲೆಕ್ಕವನ್ನು ಕೇಳುವವರೇ ಇಲ್ಲ.

ಅದರಲ್ಲೂ ಒಂದು ಅಂಶವನ್ನು ನೀವು ಮತ್ತೊಮ್ಮೆ ಕೂತು ನೋಡಬೇಕು. ಫುಕುಶಿಮಾ ಆದ ಮೇಲೆ ನಮ್ಮ ಸ್ಥಾವರಗಳಲ್ಲಿ ಹೊರಗಿನಿಂದ ನೀರು ಹಾಯಿಸುವ ಹುಕ್-ಅಪ್‌ಗಳನ್ನು ಜೋಡಿಸಲಾಯಿತು. ಕರೆಂಟಿಲ್ಲದಿದ್ದರೂ ಡೀಸೆಲ್ ಪಂಪಿನಿಂದಲೋ ಫೈರ್ ಟೆಂಡರಿನಿಂದಲೋ ನೀರು ಒಳಗೆ ಹೋಗಬೇಕು ಎಂಬುದು ಉದ್ದೇಶ. ಒಳ್ಳೆಯ ಕೆಲಸ. ಆದರೆ ಮೊದಲಿನ ಲೆಕ್ಕದಲ್ಲಿ ನೀರಿಗೊಂದು ಮಿತಿಯಿತ್ತು: ಕೊಳವೆಯ ಭಾರಜಲ ಇಷ್ಟು, ತುರ್ತು ಟ್ಯಾಂಕಿನದು ಇಷ್ಟು, ಸ್ಪ್ರೇಯದು ಇಷ್ಟು, ಒಟ್ಟು ಕೂಡಿಸಿದರೆ ತಳದಲ್ಲಿ ಇಷ್ಟೇ ಎತ್ತರ. ಹೊರಗಿನ ಹೋಸ್ ಜೋಡಿಸಿದ ಮೇಲೆ ಆ ಮಿತಿ ಎಲ್ಲಿ ಉಳಿಯಿತು? ಮೂರು ದಿನ ಹಾಯಿಸಿದರೆ ಎಷ್ಟು, ಏಳು ದಿನಕ್ಕೆ ಎಷ್ಟು, ಮೂವತ್ತು ದಿನಕ್ಕೆ ಎಷ್ಟು? ಅಷ್ಟು ನೀರು ನಿಂತಾಗ ಯಾವ ಟ್ರಾನ್ಸ್‌ಮಿಟರ್ ಯಾವ ದಿನ ಮುಳುಗುತ್ತದೆ? ಹಳೆಯ ಲೆಕ್ಕದ ಗೆರೆಗಿಂತ ಒಂದು ಅಡಿ ಮೇಲೆ ಕೂರಿಸಿದ್ದೇವೆ ಎಂಬ ಸಮಾಧಾನ ಇಲ್ಲಿ ಸಾಲದು. ಹೊಳೆಯಂಚಿನ ಅಡಿಕೆ ತೋಟದವನು ಪಂಪ್‌ಸೆಟ್ಟಿನ ಸ್ಟಾರ್ಟರ್ ಪೆಟ್ಟಿಗೆಯನ್ನು ಕಳೆದ ವರ್ಷದ ನೆರೆಯ ಗುರುತಿಗಿಂತ ಎಷ್ಟೋ ಮೇಲೆ ಕಂಬಕ್ಕೆ ಬಿಗಿಯುತ್ತಾನೆ. ಮುಂದಿನ ನೆರೆ ಹೋದ ಸಲದ ಗುರುತಿಗೇ ನಿಲ್ಲುತ್ತದೆ ಎಂದು ಅವನು ನಂಬುವುದಿಲ್ಲ.

ಎತ್ತರಿಸಿದ ಮಾತ್ರಕ್ಕೆ ಮುಗಿಯುವುದೂ ಇಲ್ಲ. ಮಾಪಕದ ಪೆಟ್ಟಿಗೆ ಮೇಲಿದ್ದರೂ ಕೇಬಲ್ಲಿನ ಕೊಳವೆ, ಅಂದರೆ ಕಂಡ್ಯೂಟ್, ಇನ್ನೂ ಮೇಲಿನಿಂದ ಇಳಿದು ಬರುತ್ತದೆ. ಸ್ಪ್ರೇ ನೀರೋ ಹಬೆಯ ಹನಿಯೋ ಅದರ ಒಳಗೇ ಜಾರಿ ನೇರವಾಗಿ ಟರ್ಮಿನಲ್ ಮೇಲೆ ಬೀಳಬಹುದು. ಅದಕ್ಕೇ ಕಂಡ್ಯೂಟ್ ಸೀಲ್ ಬೇಕು, ಗ್ಲ್ಯಾಂಡ್ ಸರಿಯಾಗಿ ಬಿಗಿದಿರಬೇಕು, ಜೋಡಿಸಿದ ತಂತಿಯ ಮೇಲೆ ಹೀಟ್-ಶ್ರಿಂಕ್ ತೋಳು ಪೂರ್ತಿ ಕೂತಿರಬೇಕು. ಕ್ಯಾಲಿಬ್ರೇಷನ್ನಿಗೆಂದು ಮುಚ್ಚಳ ಬಿಚ್ಚಿದಾಗಲೆಲ್ಲ ಹಳೆಯ ಓ-ರಿಂಗ್ ಎಸೆದು ಹೊಸದು ಹಾಕಬೇಕು, ಹೇಳಿದಷ್ಟೇ ಬಿಗಿತಕ್ಕೆ ತಿರುಗಿಸಬೇಕು. ಪ್ರಯೋಗಾಲಯದಲ್ಲಿ ಹಬೆಯಲ್ಲೂ ವಿಕಿರಣದಲ್ಲೂ ಬೇಯಿಸಿ ಪಾಸಾದ ಮಾಪಕ, ಸ್ಥಾವರದಲ್ಲಿ ಸುಕ್ಕುಗಟ್ಟಿದ ಒಂದು ಓ-ರಿಂಗಿನಿಂದ ಕೆಡಬಹುದು. ಶಟ್‌ಡೌನಿನ ಗಡಿಬಿಡಿಯಲ್ಲಿ ಈ ಕೆಲಸ ಮಾಡುವವನು ಎಷ್ಟೋ ಸಲ ಗುತ್ತಿಗೆ ಕೆಲಸಗಾರನೇ ಆಗಿರುತ್ತಾನೆ. ಅವನಿಗೆ ಈ ರಿಂಗ್ ಯಾಕೆ ಬೇಕೆಂದು ಯಾರಾದರೂ ಕೂತು ತಿಳಿಸಿ ಹೇಳಿದ್ದಾರೆಯೇ? ಅವನ ಭಾಷೆಯಲ್ಲಿ?

ಪಾಠವನ್ನು ಕಟ್ಟುವಾಗಲೇ ಕಲಿತ ಚರಿತ್ರೆ ಕೈಗಾಕ್ಕೆ ಇದೆ. 1994ರ ಮೇ 13ರಂದು ನಿರ್ಮಾಣದಲ್ಲಿದ್ದ ಒಂದನೇ ಘಟಕದ ಒಳ ಗುಮ್ಮಟದ ಕಾಂಕ್ರೀಟ್ ಕಳಚಿ ಬಿತ್ತು. ವಿನ್ಯಾಸ ಬದಲಾಯಿತು, ವರ್ಷಗಳು ತಡವಾದವು, ಆದರೆ ಸರಿಯಾಗಿ ಕಟ್ಟಿದರು. ಅದೇ ಒಂದನೇ ಘಟಕ ಮುಂದೆ ಸತತ 962 ದಿನ ನಿಲ್ಲದೆ ಓಡಿ 2018ರ ಕೊನೆಗೆ ಜಗತ್ತಿನ ದಾಖಲೆ ಮಾಡಿತು. ನಿಮ್ಮ ಕೈಯಲ್ಲಿ ಶಕ್ತಿಯಿದೆ, ಅದನ್ನು ಅನುಮಾನಿಸಿ ಈ ಪತ್ರ ಬರೆಯುತ್ತಿಲ್ಲ. ಇನ್ನೊಂದು ಸಂಗತಿಯೂ ಇದೆ. ಈ ಸಲ ಒಂದೇ ನಕ್ಷೆಯಿಂದ ಹಲವು ಊರುಗಳಲ್ಲಿ ರಿಯಾಕ್ಟರುಗಳು ಏಳುತ್ತಿವೆ. ನಕ್ಷೆಯಲ್ಲಿ ಒಂದು ಟ್ರಾನ್ಸ್‌ಮಿಟರ್ ತಗ್ಗಿನಲ್ಲಿ ಕೂತರೆ ಎಲ್ಲ ಕಡೆಯೂ ತಗ್ಗಿನಲ್ಲೇ ಕೂರುತ್ತದೆ. ನೀವು ಕೈಗಾದಲ್ಲಿ ಸರಿಪಡಿಸಿದ್ದು ಮಿಕ್ಕವರಿಗೂ ದಕ್ಕುತ್ತದೆ.

ಆದ್ದರಿಂದ ನನ್ನ ಬೇಡಿಕೆ ಇದು. ಹೊರಗಿನಿಂದ ಹಾಯಿಸುವ ನೀರನ್ನೂ ಸೇರಿಸಿ, ಅಪಘಾತದ ನಂತರ ರಿಯಾಕ್ಟರ್ ಕಟ್ಟಡದೊಳಗೆ ನೀರು ಎಲ್ಲಿಯವರೆಗೆ ಏರಬಹುದೆಂದು ಹೊಸದಾಗಿ ಲೆಕ್ಕ ಹಾಕಿ. ಆ ಎತ್ತರವನ್ನು ಕಟ್ಟಡದ ಒಳಗೋಡೆಯ ಮೇಲೆ ಸುತ್ತಲೂ ಬಣ್ಣದ ಗೆರೆಯಾಗಿ ಎಳೆಯಿರಿ; ಪ್ರತಿ ಶಟ್‌ಡೌನಿನಲ್ಲಿ ಒಳಹೋಗುವ ಪ್ರತಿಯೊಬ್ಬನಿಗೂ ಅದು ಕಾಣಲಿ. ಅಪಘಾತದ ಹೊತ್ತಿಗೆ ಬೇಕೇಬೇಕಾದ ಒಂದೇ ಒಂದು ಮಾಪಕವೂ ಆ ಗೆರೆಯ ಕೆಳಗೆ ಇರಬಾರದು. ಇರಲೇಬೇಕಾಗಿ ಬಂದರೆ, ಮುಳುಗಿಯೂ ನಿಜ ಹೇಳುತ್ತದೆಂದು ನೀರಿನಡಿ ಪರೀಕ್ಷಿಸಿ ತೋರಿಸಿ, ಎಷ್ಟು ದಿನ ತಾಳುತ್ತದೆಂದು ಬರೆದಿಡಿ. ಆ ಎತ್ತರವನ್ನೂ ಆ ಪರೀಕ್ಷೆಯ ಫಲಿತಾಂಶವನ್ನೂ ಅಣುಶಕ್ತಿ ನಿಯಂತ್ರಣ ಮಂಡಳಿ ಕನ್ನಡದಲ್ಲಿ, ಕದ್ರಾ, ಮಲ್ಲಾಪುರದವರು ಓದುವ ಹಾಗೆ ಪ್ರಕಟಿಸಲಿ. ಆ ಸ್ಥಾವರದ ಪಕ್ಕದಲ್ಲಿ ಮಕ್ಕಳನ್ನು ಬೆಳೆಸುತ್ತಿರುವ ಅವರಿಗೆ ಇದು ನೀವು ಕೊಡಬೇಕಾದ ಉತ್ತರ. ಕೊಳವೆ, ಕೇಬಲ್ಲುಗಳು ಜಾಗ ಹಿಡಿಯುವ ಮೊದಲೇ ಕೊಡಿ.

ಇಂತಿ,
ಕೋರಾಡಿಯಲ್ಲಿರುವ ಒಬ್ಬ ಕನ್ನಡಿಗ