ಪ್ರಾಸ್ಟೇಟ್ ತೊಂದರೆಗೆ ಗುಟ್ಟಾಗಿ ಪುಡಿ ನುಂಗುತ್ತಿರುವ ಹಿರಿಯರಿಗೆ ಒಂದು ಬಹಿರಂಗ ಪತ್ರ



ಬೆಳಗಿನ ವಾಕಿಂಗ್ ಮುಗಿಸಿ ಪಾರ್ಕಿನ ಬೆಂಚಿನಲ್ಲಿ ಕೂತರೆ ಶುಗರ್ ಎಷ್ಟು, ಬಿಪಿ ಎಷ್ಟು, ಮಂಡಿಗೆ ಯಾವ ಎಣ್ಣೆ ಹಚ್ಚುತ್ತೀರಿ, ಎಲ್ಲವನ್ನೂ ಬಾಯಿ ತುಂಬ ಮಾತಾಡುತ್ತೀರಿ. ರಾತ್ರಿ ನಾಲ್ಕು ಸಲ ಏಳುವುದು, ಎದ್ದು ಹೋಗಿ ನಿಂತರೂ ಮೂತ್ರ ಬೇಗ ಬಾರದಿರುವುದು, ಬಂದರೂ ಹನಿ ಹನಿಯಾಗಿ ನಿಲ್ಲುವುದು, ಇವನ್ನು ಮಾತ್ರ ಕಟ್ಟಿಕೊಂಡ ಹೆಂಡತಿಗೂ ಹೇಳುವುದಿಲ್ಲ. ವಾಟ್ಸಾಪ್‌ನಲ್ಲಿ ಬಂದ ಕಷಾಯವನ್ನೋ ಪರಿಚಯದವರು ಕೊಟ್ಟ ನೆಗ್ಗಿಲು ಮುಳ್ಳಿನ ಪುಡಿಯನ್ನೋ ಯಾರಿಗೂ ಕಾಣದಂತೆ ಶುರುಮಾಡುತ್ತೀರಿ.

ನಾನು ಆಸ್ಪತ್ರೆಯ ತುರ್ತು ವಿಭಾಗದಲ್ಲಿ ನರ್ಸ್. ಗಂಡಸಾದ್ದರಿಂದ ಎಲ್ಲರೂ ಬ್ರದರ್ ಎನ್ನುತ್ತಾರೆ. ಮೂತ್ರ ಕಟ್ಟಿಕೊಂಡು ಬಂದ ಹಿರಿಯರಿಗೆ ಪೈಪು ಹಾಕುವ ಕೆಲಸ ಸಾಮಾನ್ಯವಾಗಿ ನನ್ನ ಪಾಲಿಗೇ ಬರುತ್ತದೆ. ನೀವು ಯಾರಿಗೂ ಹೇಳದ್ದನ್ನು ಕೊನೆಗೆ ನನ್ನ ಮುಂದೆ ಹೇಳುತ್ತೀರಿ, ಅದೂ ಅಪರಾತ್ರಿಯಲ್ಲಿ.

ಆ ಹೊತ್ತು ಹೇಗಿರುತ್ತದೆಂದು ಹೇಳಬೇಕು. ಆಟೋದಿಂದ ಇಳಿದವರಿಗೆ ಕೂರಲೂ ಆಗುವುದಿಲ್ಲ, ನಿಲ್ಲಲೂ ಆಗುವುದಿಲ್ಲ. ಮಗನ ಹೆಗಲು ಹಿಡಿದ ಕೈ ನಡುಗುತ್ತಿರುತ್ತದೆ. ಹೊಟ್ಟೆ ಮುಟ್ಟಿದರೆ ಮೂತ್ರಕೋಶ ಹೊಕ್ಕುಳಿನ ಹತ್ತಿರದವರೆಗೂ ಬಿಗಿದುಕೊಂಡಿರುತ್ತದೆ. ಪೈಪು ಒಳಗೆ ಹೋಗಿ ಚೀಲಕ್ಕೆ ಮೂತ್ರ ಇಳಿಯತೊಡಗಿದಾಗ ದೊಡ್ಡ ದೊಡ್ಡ ಹುದ್ದೆಯಲ್ಲಿದ್ದವರೂ ಕಣ್ಣೀರು ಹಾಕಿದ್ದನ್ನು ನೋಡಿದ್ದೇನೆ. ಎಷ್ಟೋ ಸಲ ಕಾರಣ ಕೇಳಿದರೆ ಒಂದು ನೆಗಡಿ ಮಾತ್ರೆ. ಅಂಗಡಿಯಲ್ಲಿ ಸುಮ್ಮನೆ ಸಿಗುವ ಆ ಮಾತ್ರೆಗಳಲ್ಲಿರುವ ಫಿನೈಲ್‌ಎಫ್ರಿನ್, ಕ್ಲೋರ್‌ಫೆನಿರಮಿನ್‌ನಂಥ ಔಷಧಗಳು, ಮೊದಲೇ ಕಷ್ಟದಲ್ಲಿ ಹರಿಯುತ್ತಿದ್ದ ಮೂತ್ರವನ್ನು ಪೂರಾ ನಿಲ್ಲಿಸಿಬಿಡಬಲ್ಲವು. “ಪುಡಿ ತಗೊಳ್ತಿದ್ದೆ, ಕಡಿಮೆ ಆಗಿತ್ತು” ಅನ್ನುತ್ತಾರೆ ಅವರು. “ನನಗೇನೂ ಗೊತ್ತೇ ಇಲ್ಲ” ಅನ್ನುತ್ತಾರೆ ಬಾಗಿಲಲ್ಲಿ ನಿಂತ ಹೆಂಡತಿ.

ಕಡಿಮೆ ಆಗಿತ್ತು ಎನ್ನುವುದು ಸುಳ್ಳಲ್ಲ. ಪ್ರಾಸ್ಟೇಟ್ ಮೂತ್ರಕೋಶದ ಕೆಳಗೆ ಮೂತ್ರನಾಳವನ್ನು ಸುತ್ತಿಕೊಂಡಿರುವ ಗ್ರಂಥಿ. ಹರೆಯದಲ್ಲಿ ಸುಮಾರು 20 ಗ್ರಾಂ ಇದ್ದದ್ದು ವಯಸ್ಸಾದಂತೆ ಬೆಳೆಯುತ್ತದೆ. ಆದರೆ ತೊಂದರೆ ಒಂದೇ ಸಮನೆ ಏರುವುದಿಲ್ಲ. ಕೆಲವು ತಿಂಗಳು ಜಾಸ್ತಿ, ಕೆಲವು ತಿಂಗಳು ತಾನಾಗಿಯೇ ಹಗುರ. ಜಾಸ್ತಿಯಾದಾಗ ಪುಡಿ ಶುರುಮಾಡುತ್ತೀರಿ, ಆಮೇಲೆ ಹಗುರವಾದರೆ ಆ ಹೆಸರು ಪುಡಿಗೆ ಹೋಗುತ್ತದೆ. ಪ್ರಾಸ್ಟೇಟ್‌ಗೆಂದು ಜಗತ್ತಿನಲ್ಲಿ ತುಂಬ ಮಾರಾಟವಾಗುವ ಗಿಡಮೂಲಿಕೆ ಅಮೆರಿಕದ ಸಾ ಪಾಮೆಟೊ ಎಂಬ ಕುಳ್ಳ ತಾಳೆಯ ಹಣ್ಣಿನ ಸಾರ. ಅದನ್ನು 225 ಮಂದಿಯ ಮೇಲೆ ಒಂದು ವರ್ಷ ಪರೀಕ್ಷಿಸಿ 2006ರಲ್ಲಿ ಪ್ರಕಟಿಸಿದರು. ಔಷಧವೇ ಇಲ್ಲದ ಹುಸಿಗುಳಿಗೆಗಿಂತ ಅದು ಹೆಚ್ಚೇನೂ ಮಾಡಲಿಲ್ಲ. ಪ್ರಮಾಣ ಸಾಲದೇನೋ ಎಂದು ಮತ್ತೊಂದು ತಂಡ 369 ಮಂದಿಗೆ ಮೂರು ಪಟ್ಟಿನವರೆಗೂ ಏರಿಸಿ ನೋಡಿ 2011ರಲ್ಲಿ ಪ್ರಕಟಿಸಿತು. ಫಲಿತಾಂಶ ಅದೇ. ಹುಸಿಗುಳಿಗೆ ನುಂಗಿದವರಲ್ಲೂ ಅನೇಕರಿಗೆ ಗುಣ ಕಂಡಿತ್ತು ಎಂಬುದನ್ನು ದಯವಿಟ್ಟು ಗಮನಿಸಿ. ನಿಮ್ಮ ಗೆಳೆಯರ ಅನುಭವ ನಿಜ, ಅದರ ಕಾರಣ ಮಾತ್ರ ಅವರು ತಿಳಿದದ್ದಲ್ಲ.

ಆಯುರ್ವೇದವನ್ನು ನಾನು ಹಳಿಯುತ್ತಿಲ್ಲ. ಸುಶ್ರುತ ಸಂಹಿತೆ ಮೂತ್ರ ತಡೆಯುವ ಮೂತ್ರಾಘಾತದಲ್ಲೇ 12 ಬಗೆ ಹೇಳುತ್ತದೆ. ಚರಕ 13 ಹೇಳುತ್ತಾನೆ. ಕಲ್ಲಿನಂತೆ ಗಟ್ಟಿಯಾದ ಗಂಟು ಹಾದಿಗೆ ಅಡ್ಡ ಬರುವ ವಾತಾಷ್ಠೀಲದ ವರ್ಣನೆ ಓದಿದರೆ ಪ್ರಾಸ್ಟೇಟ್ ನೆನಪಾಗದೆ ಇರುವುದಿಲ್ಲ. ಇಷ್ಟು ಬಗೆಗಳನ್ನು ಬೇರ್ಪಡಿಸಿದವರು ಮೊದಲು ರೋಗ ಯಾವುದೆಂದು ನೋಡು ಎಂದವರು. ಒಳ್ಳೆಯ ವೈದ್ಯರು ಇವತ್ತೂ ಸ್ಕ್ಯಾನ್ ತರಲು ಹೇಳಿಯೇ ಔಷಧ ಕೊಡುತ್ತಾರೆ. ನನ್ನ ಸಿಟ್ಟು ಪರೀಕ್ಷೆಯೇ ಬೇಡ, ಆಪರೇಷನ್ ಬೇಡ, ಬೇರುಸಹಿತ ಗುಣ ಎಂದು ಜಾಹೀರಾತು ಕೊಡುವವರ ಮೇಲೆ. 1954ರ ಡ್ರಗ್ಸ್ ಅಂಡ್ ಮ್ಯಾಜಿಕ್ ರೆಮಿಡೀಸ್ ಕಾಯ್ದೆಯ ಪಟ್ಟಿಯಲ್ಲಿ ಕ್ಯಾನ್ಸರ್, ಸಕ್ಕರೆ ಕಾಯಿಲೆಗಳ ಜೊತೆಗೆ ಪ್ರಾಸ್ಟೇಟ್ ತೊಂದರೆಯೂ ಇದೆ. ಇವುಗಳನ್ನು ಗುಣಪಡಿಸುತ್ತೇವೆಂದು ಜಾಹೀರಾತು ಕೊಡುವುದೇ ಅಪರಾಧ.

ತಡಮಾಡಿದರೆ ಏನಾಗುತ್ತದೆ? ನೋವಿನಿಂದ ಕಿರುಚಿಕೊಂಡು ಬರುವವರಿಗಿಂತ ನನಗೆ ನೋವೇ ಇಲ್ಲದೆ ಬರುವವರ ಚಿಂತೆ ಹೆಚ್ಚು. ಮೂತ್ರಕೋಶ ತಿಂಗಳುಗಟ್ಟಲೆ ಪೂರ್ತಿ ಖಾಲಿಯಾಗದೆ ಸೋತು ಹಿಗ್ಗಿರುತ್ತದೆ. ರಾತ್ರಿ ಹಾಸಿಗೆ ಒದ್ದೆಯಾಗುವುದೇ ಮೊದಲ ಸುಳಿವು. ರಕ್ತ ಪರೀಕ್ಷೆ ಮಾಡಿದರೆ ಕ್ರಿಯಾಟಿನಿನ್ ಏರಿ, ಕಿಡ್ನಿಗೆ ಪೆಟ್ಟು ಬಿದ್ದಾಗಿರುತ್ತದೆ. ಇನ್ನು ಕ್ಯಾನ್ಸರ್. ಸಾಮಾನ್ಯ ಊತ ಕ್ಯಾನ್ಸರ್ ಆಗಿ ಬದಲಾಗುವುದಿಲ್ಲ, ಆದರೆ ಎರಡೂ ಒಟ್ಟಿಗೆ ಇರಬಹುದು. ಯಾವ ಪುಡಿಯೂ ಅವೆರಡನ್ನು ಬೇರೆ ಮಾಡಿ ತೋರಿಸದು. ಅದಕ್ಕಾಗಿಯೇ ಪಿಎಸ್‌ಎ ರಕ್ತ ಪರೀಕ್ಷೆ, ಅದಕ್ಕಾಗಿಯೇ ಗುದದ್ವಾರದಿಂದ ಬೆರಳಿಟ್ಟು ನೋಡುವುದು. ನಾಚಿಕೆಯಿಂದ ವರ್ಷಗಟ್ಟಲೆ ಮುಂದೂಡುವ ಆ ಪರೀಕ್ಷೆ ಒಂದು ನಿಮಿಷದೊಳಗೆ ಮುಗಿಯುತ್ತದೆ.

ಇಂಗ್ಲಿಷ್ ಔಷಧಿಗೂ ಕೆಡುಕುಗಳಿವೆ, ಮುಚ್ಚಿಡಬಾರದು. ಟ್ಯಾಮ್ಸುಲೋಸಿನ್ ಕೆಲವೇ ದಿನಗಳಲ್ಲಿ ದಾರಿ ಸಡಿಲಿಸುತ್ತದೆ, ಆದರೆ ದಢಕ್ಕನೆ ಎದ್ದರೆ ತಲೆ ಸುತ್ತೀತು. ಅದನ್ನು ತೆಗೆದುಕೊಳ್ಳುವವರು ಪೊರೆ ಆಪರೇಷನ್‌ಗೆ ಮುಂಚೆ ಕಣ್ಣಿನ ಡಾಕ್ಟರಿಗೆ ಹೇಳಲೇಬೇಕು, ಕಣ್ಣಿನ ಪಾಪೆ ಸಡಿಲವಾಗಿ ಅವರ ಕೆಲಸ ಕಷ್ಟವಾಗುತ್ತದೆ. ಫಿನಾಸ್ಟರೈಡ್ ಗ್ರಂಥಿಯನ್ನೇ ಕುಗ್ಗಿಸುತ್ತದೆ, ಆರು ತಿಂಗಳು ತಾಳ್ಮೆ ಬೇಕು. ಕೆಲವರಿಗೆ ಕಾಮಾಸಕ್ತಿ ತಗ್ಗುತ್ತದೆ. ಪಿಎಸ್‌ಎ ಅಂಕಿಯನ್ನು ಅದು ಸುಮಾರು ಅರ್ಧಕ್ಕೆ ಇಳಿಸುವುದರಿಂದ ಪರೀಕ್ಷೆಯ ದಿನ ಈ ಮಾತ್ರೆಯ ವಿಷಯ ಮರೆಯಬೇಡಿ. ಟಿಯುಆರ್‌ಪಿ ಆಪರೇಷನ್‌ನಲ್ಲಿ ಹೊಟ್ಟೆ ಕೊಯ್ಯುವುದಿಲ್ಲ, ಮೂತ್ರದ ದಾರಿಯಲ್ಲೇ ಉಪಕರಣ ಹಾಕಿ ಅಡ್ಡ ಬಂದ ಭಾಗವನ್ನು ಕೆರೆದು ತೆಗೆಯುತ್ತಾರೆ. ಆಮೇಲೆ ಬಹುಪಾಲು ಮಂದಿಗೆ ವೀರ್ಯ ಹೊರಬರದೆ ಮೂತ್ರಕೋಶಕ್ಕೆ ಹಿಂತಿರುಗುತ್ತದೆ. ಇದು ಗಂಡಸುತನ ಹೋದಂತಲ್ಲ. ಆಪರೇಷನ್‌ಗೆ ಮೊದಲೇ ಕೇಳಿಕೊಳ್ಳಿ. ಕೇಳುವುದು ನಿಮ್ಮ ಹಕ್ಕು.

ಎಲ್ಲರಿಗೂ ಮಾತ್ರೆ ಬೇಕಾಗುವುದೂ ಇಲ್ಲ. ತೊಂದರೆ ಅಳೆಯಲು ಡಾಕ್ಟರು ಏಳು ಪ್ರಶ್ನೆ ಕೇಳಿ 35ಕ್ಕೆ ಅಂಕ ಹಾಕುತ್ತಾರೆ. ಏಳರೊಳಗಿದ್ದು ಮಿಕ್ಕ ಪರೀಕ್ಷೆಗಳೂ ಸರಿ ಇದ್ದರೆ ಸಾಮಾನ್ಯವಾಗಿ ಕಾದು ನೋಡೋಣ ಎನ್ನುತ್ತಾರೆ. ಮಲಗುವ ಎರಡು ಮೂರು ಗಂಟೆ ಮುಂಚೆ ನೀರು, ಕಾಫಿ ಕಡಿಮೆ ಮಾಡಿ. ಹೆದರಿ ಹಗಲಿನ ನೀರನ್ನೇ ನಿಲ್ಲಿಸಬೇಡಿ. ಮಲಬದ್ಧತೆ ಆಗದಂತೆ ನೋಡಿಕೊಳ್ಳಿ. ಒಮ್ಮೆ ಹೋಗಿ ಬಂದು, ಸ್ವಲ್ಪ ತಡೆದು ಮತ್ತೊಮ್ಮೆ ಪ್ರಯತ್ನಿಸಿ. ಅಳತೆಯ ಜಗ್ ಇಟ್ಟುಕೊಂಡು ಮೂರು ದಿನ, ಎಷ್ಟು ಹೊತ್ತಿಗೆ ಎಷ್ಟು ಹೋಯಿತೆಂದು ಬರೆದಿಡಿ. ರಾತ್ರಿ ಪದೇ ಪದೇ ಏಳುವುದಕ್ಕೆ ಸಕ್ಕರೆ ಕಾಯಿಲೆಯೋ ಹೃದಯದ ತೊಂದರೆಯೋ ಕಾರಣವಾಗಿರಬಹುದು, ಆ ಹಾಳೆ ನೋಡಿದರೆ ಡಾಕ್ಟರಿಗೆ ಅರ್ಧ ತಿಳಿಯುತ್ತದೆ.

ಮೂತ್ರದಲ್ಲಿ ರಕ್ತ ಕಂಡರೆ, ಚಳಿಜ್ವರ ಬಂದರೆ, ಹಾಸಿಗೆ ಒದ್ದೆಯಾಗತೊಡಗಿದರೆ ಕಾಯಬೇಡಿ. ಪೂರಾ ನಿಂತುಹೋದರಂತೂ ಆ ಗಳಿಗೆಯಲ್ಲೇ ಹೊರಡಿ. ದುಡ್ಡಿನ ಚಿಂತೆ ಇರುವವರು ಜಿಲ್ಲಾ ಆಸ್ಪತ್ರೆಯ ಶಸ್ತ್ರಚಿಕಿತ್ಸಾ ವಿಭಾಗಕ್ಕೆ ಹೋಗಿ. ಬೆಂಗಳೂರಿನಲ್ಲಿ ವಿಕ್ಟೋರಿಯಾ ಆಸ್ಪತ್ರೆಯ ಆವರಣದಲ್ಲೇ ಸರ್ಕಾರದ ನೆಫ್ರೋ-ಯುರಾಲಜಿ ಸಂಸ್ಥೆ ಇದೆ. ಹೋಗುವಾಗ ಹೆಂಡತಿಯನ್ನು ಕರೆದುಕೊಂಡು ಹೋಗಿ, ತಿನ್ನುತ್ತಿರುವ ಪುಡಿ, ಮಾತ್ರೆ, ಲೇಹ್ಯ ಎಲ್ಲವನ್ನೂ ಒಂದು ಚೀಲಕ್ಕೆ ಹಾಕಿಕೊಂಡು ಹೋಗಿ ಮೇಜಿನ ಮೇಲಿಡಿ. ಯಾರೂ ನಗುವುದಿಲ್ಲ.

ಇಂತಿ,
ತುರ್ತು ವಿಭಾಗದ ಒಬ್ಬ ಬ್ರದರ್